ಉದ್ಯಾನವನ್ನು ದಾಟುವ ದಾರಿಗಳು: ಸೇತುವೆ, ಸುರಂಗ ಮತ್ತು ಪರಿಸರದ ಲೆಕ್ಕ



ಈ ದತ್ತಿ ಉಪನ್ಯಾಸಕ್ಕೆ ವಿಷಯವನ್ನು ಆರಿಸಿಕೊಳ್ಳುವ ಹೊಣೆಯನ್ನು ನೀವು ನನಗೇ ಒಪ್ಪಿಸಿದಿರಿ. ಅದಕ್ಕೆ ಕೃತಜ್ಞ. ನಗರದ ಉದ್ಯಾನವೊಂದರ ಮೂಲಕ ರಸ್ತೆಯೋ ರೈಲೋ ಹಾದುಹೋಗಬೇಕು ಎಂಬ ಪ್ರಸ್ತಾಪ ಬಂದಾಗ, ಅದು ಸೇತುವೆಯಾಗಿ ಮೇಲೆ ಹೋಗಬೇಕೆ, ಸುರಂಗವಾಗಿ ಕೆಳಗೆ ಹೋಗಬೇಕೆ, ಅಥವಾ ಹೋಗಲೇಬಾರದೆ ಎಂಬುದನ್ನು ಹೇಗೆ ತೂಗಿ ನೋಡಬೇಕು? ಇಂದು ನಿಮ್ಮ ಮುಂದೆ ಇಡುತ್ತಿರುವ ಪ್ರಶ್ನೆ ಇದು.

ಬೆಂಗಳೂರಿನವರಿಗೆ ಈ ಪ್ರಶ್ನೆ ಹೊಸದಲ್ಲ. 2009ರಲ್ಲಿ ಜಯನಗರದ ನಂದಾ ರಸ್ತೆಯಲ್ಲಿ ಮೆಟ್ರೋಗಾಗಿ ಮರಗಳು ಉರುಳಿದಾಗ, ಲಾಲ್‌ಬಾಗಿನ ಗೋಡೆ ಒಡೆದಾಗ ನಾಗರಿಕರು ಬೀದಿಗಿಳಿದಿದ್ದರು. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉದ್ದದ ಉಕ್ಕಿನ ಸೇತುವೆಯ ಯೋಜನೆ ಬಂತು. ಅದಕ್ಕೆ 812 ಮರಗಳನ್ನು ಕಡಿಯಬೇಕೆಂದು ಗೊತ್ತಾದಾಗ ಸಾವಿರಾರು ಜನ ಮಾನವ ಸರಪಳಿ ಕಟ್ಟಿ ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. 2025ರಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ, ಸುಮಾರು 17 ಕಿಲೋಮೀಟರ್ ಉದ್ದದ ಸುರಂಗ ರಸ್ತೆಯ ಯೋಜನೆಯಲ್ಲಿ ಲಾಲ್‌ಬಾಗಿನ ನೆಲದಲ್ಲಿ ರ‍್ಯಾಂಪ್ ಬರುತ್ತದೆ ಎಂಬ ಸುದ್ದಿ ಹರಡಿದಾಗ ಅದೇ ಆತಂಕ ಮತ್ತೆ ತಲೆಯೆತ್ತಿತು.

ಈ ಚರ್ಚೆಗಳಲ್ಲೆಲ್ಲ ಎರಡು ಮಾತುಗಳು ಪದೇ ಪದೇ ಕೇಳಿಬರುತ್ತವೆ. ನೆಲದಡಿಯಲ್ಲಿ ಹೋದರೆ ಉದ್ಯಾನಕ್ಕೆ ಏನೂ ಆಗುವುದಿಲ್ಲ ಎಂಬುದು ಒಂದು. ಕಡಿದ ಒಂದು ಮರಕ್ಕೆ ಹತ್ತು ಸಸಿ ನೆಟ್ಟರೆ ಲೆಕ್ಕ ಚುಕ್ತಾ ಎಂಬುದು ಇನ್ನೊಂದು. ಎರಡನ್ನೂ ಪರೀಕ್ಷೆಗೆ ಒಡ್ಡಬೇಕಾಗಿದೆ. ಅದಕ್ಕಾಗಿ ಈ ಉಪನ್ಯಾಸವನ್ನು ನಾಲ್ಕು ಭಾಗಗಳಾಗಿ ಮಾಡಿಕೊಂಡಿದ್ದೇನೆ. ಉದ್ಯಾನಗಳೇ ಏಕೆ ಯೋಜಕರ ಕಣ್ಣಿಗೆ ಬೀಳುತ್ತವೆ ಎಂಬುದು ಮೊದಲನೆಯದು. ಎರಡನೆಯದು ಸೇತುವೆಯ ಪರಿಣಾಮ, ಮೂರನೆಯದು ಸುರಂಗದ ಪರಿಣಾಮ. ಇವೆಲ್ಲವನ್ನೂ ನ್ಯಾಯವಾಗಿ ತೂಗುವ ಕ್ರಮ ಯಾವುದು ಎಂಬುದು ನಾಲ್ಕನೆಯದು.

ಮೊದಲ ಭಾಗಕ್ಕೆ ಬರುತ್ತೇನೆ. ಉದ್ಯಾನಗಳು ಏಕೆ ಸುಲಭದ ದಾರಿಯಾಗಿ ಕಾಣುತ್ತವೆ?

ಒಬ್ಬ ಎಂಜಿನಿಯರ್ ನಗರದ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು ಹೊಸ ಹೆದ್ದಾರಿಯ ಗೆರೆ ಎಳೆಯಲು ಕೂತಿದ್ದಾರೆ ಎಂದುಕೊಳ್ಳೋಣ. ಎಡಕ್ಕೆ ಎಳೆದರೆ ಮನೆಗಳು, ಬಲಕ್ಕೆ ಎಳೆದರೆ ಅಂಗಡಿ ಸಾಲು. ಎರಡೂ ಕಡೆ ಭೂಸ್ವಾಧೀನ, ಪರಿಹಾರ, ನ್ಯಾಯಾಲಯದ ಅಲೆದಾಟ ತಪ್ಪದು. ನಡುವೆ ಹಸಿರು ಬಣ್ಣದ ಒಂದು ತುಂಡು ಇದೆ. ಅಲ್ಲಿ ಯಾರೂ ವಾಸವಾಗಿಲ್ಲ, ಒಕ್ಕಲೆಬ್ಬಿಸಬೇಕಾದವರಿಲ್ಲ. ನೆಲ ಸರ್ಕಾರದ್ದೇ. ರೂಪಾಯಿಯ ಲೆಕ್ಕದಲ್ಲಿ ಅದಕ್ಕಿಂತ ಅಗ್ಗದ ದಾರಿ ಇಲ್ಲ. ಆ ಎಂಜಿನಿಯರ್ ಪರಿಸರದ ವಿರೋಧಿಯೇ ಆಗಿರಬೇಕೆಂದಿಲ್ಲ. ಅವರಿಗೆ ಒಪ್ಪಿಸಿದ ಲೆಕ್ಕದ ಪುಸ್ತಕದಲ್ಲಿ ಉದ್ಯಾನದ ಬೆಲೆಯನ್ನು ಬರೆಯುವ ಅಂಕಣವೇ ಇರುವುದಿಲ್ಲ.

ಈ ಸತ್ಯವನ್ನು ಅತ್ಯಂತ ಸ್ಪಷ್ಟವಾಗಿ ಗುರುತಿಸಿದ್ದು ಅಮೆರಿಕದ ಸುಪ್ರೀಂ ಕೋರ್ಟ್. ಟೆನೆಸಿ ರಾಜ್ಯದ ಮೆಂಫಿಸ್ ನಗರದಲ್ಲಿ ಓವರ್ಟನ್ ಪಾರ್ಕ್ ಎಂಬ 342 ಎಕರೆಯ ಉದ್ಯಾನವಿದೆ. ಅದರೊಳಗೆ ಹಳೆಯ ಕಾಡಿನ ಒಂದು ದೊಡ್ಡ ಭಾಗ ಉಳಿದುಕೊಂಡಿದೆ. 1950ರ ದಶಕದಲ್ಲಿ ಅಂತರರಾಜ್ಯ ಹೆದ್ದಾರಿ 40 ಅನ್ನು ಈ ಉದ್ಯಾನವನ್ನು ಸೀಳಿಕೊಂಡು ಒಯ್ಯುವ ಯೋಜನೆ ಸಿದ್ಧವಾಯಿತು. ಊರಿನ ನಾಗರಿಕರು ಒಂದು ಸಮಿತಿ ಕಟ್ಟಿಕೊಂಡು ವರ್ಷಗಟ್ಟಲೆ ಹೋರಾಡಿದರು. ಅಷ್ಟರಲ್ಲಿ, 1966ರಲ್ಲಿ, ಅಮೆರಿಕದ ಸಂಸತ್ತು ಒಂದು ಕಾಯ್ದೆ ಮಾಡಿತ್ತು: ಕಾರ್ಯಸಾಧ್ಯವೂ ವಿವೇಕಯುತವೂ ಆದ ಬೇರೆ ದಾರಿ ಇರುವಾಗ ಸಾರ್ವಜನಿಕ ಉದ್ಯಾನದ ಮೂಲಕ ಹೆದ್ದಾರಿಗೆ ಕೇಂದ್ರದ ಹಣ ಕೊಡುವಂತಿಲ್ಲ, ಬೇರೆ ದಾರಿ ಇಲ್ಲವೆಂದಾದರೆ ಹಾನಿಯನ್ನು ಕನಿಷ್ಠಗೊಳಿಸಲು ಸಾಧ್ಯವಿರುವ ಎಲ್ಲವನ್ನೂ ಮಾಡಬೇಕು.

ಮೊಕದ್ದಮೆ ಸುಪ್ರೀಂ ಕೋರ್ಟ್ ತಲುಪಿತು. 1971ರ ಮಾರ್ಚ್ 2ರಂದು ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಬರೆದ ತೀರ್ಪಿನ ತಿರುಳು ಹೀಗಿದೆ. ವೆಚ್ಚ, ದಾರಿಯ ನೇರ, ಜನವಸತಿಗೆ ಆಗುವ ತೊಂದರೆ ಇವುಗಳನ್ನು ಉದ್ಯಾನದ ರಕ್ಷಣೆಯೊಂದಿಗೆ ಸಮಸಮವಾಗಿ ತಕ್ಕಡಿಯಲ್ಲಿಟ್ಟರೆ ಪ್ರತಿ ಸಲವೂ ಸೋಲುವುದು ಉದ್ಯಾನವೇ. ಏಕೆಂದರೆ ಆ ನೆಲ ಮೊದಲೇ ಸಾರ್ವಜನಿಕರದ್ದು, ಅಲ್ಲಿ ಮನೆ, ವ್ಯಾಪಾರ ಇರುವುದು ತೀರಾ ಕಡಿಮೆ. ಎಲ್ಲವೂ ಸಮವೆಂಬುದೇ ಸಂಸತ್ತಿನ ಇಂಗಿತವಾಗಿದ್ದರೆ ಈ ಕಾಯ್ದೆಯನ್ನೇ ಮಾಡಬೇಕಾಗಿರಲಿಲ್ಲ. ಆದ್ದರಿಂದ ಉದ್ಯಾನಕ್ಕೆ ಹೆಚ್ಚಿನ ತೂಕ ಕೊಟ್ಟೇ ಲೆಕ್ಕ ಹಾಕಬೇಕು.

ಮುಂದೆ ಸುರಂಗದ ಪರ್ಯಾಯಗಳೂ ಚರ್ಚೆಗೆ ಬಂದವು, ಯಾವುದೂ ಕೈಗೂಡಲಿಲ್ಲ. 1981ರಲ್ಲಿ ಆ ಮಾರ್ಗವನ್ನೇ ಕೈಬಿಟ್ಟರು. ಹೆದ್ದಾರಿ 40 ಇಂದು ನಗರದ ಉತ್ತರಕ್ಕೆ ಬಳಸಿಕೊಂಡು ಹೋಗುತ್ತದೆ. ಉದ್ಯಾನ ಹಾಗೆಯೇ ಇದೆ, ಮೆಂಫಿಸ್ ನಗರವೂ ನಡೆದುಕೊಂಡು ಹೋಗುತ್ತಿದೆ.

ಮೆಂಫಿಸ್‌ನಿಂದ ನಾವು ತೆಗೆದುಕೊಳ್ಳಬೇಕಾದ ಪಾಠ ಒಂದೇ: ಉದ್ಯಾನದ ನೆಲ ಅಗ್ಗವಾಗಿ ಕಾಣುವುದು ನಮ್ಮ ಲೆಕ್ಕದ ದೋಷದಿಂದ. ಆ ದೋಷವನ್ನು ತಿದ್ದದೆ ಸೇತುವೆಯೋ ಸುರಂಗವೋ ಎಂದು ಕೇಳುವುದು ಅವಸರದ ಪ್ರಶ್ನೆ. ನನ್ನ ಉಳಿದ ಮಾತೆಲ್ಲ ಈ ನೆಲೆಯಿಂದ ಹೊರಡುತ್ತದೆ.

ಈಗ ಎರಡನೆಯ ಭಾಗ, ಸೇತುವೆಯ ಪರಿಣಾಮ.

ಸೇತುವೆಯ ಪರವಾಗಿ ಹೇಳುವ ಮಾತು ನಿಮಗೆ ಗೊತ್ತಿದೆ. ಕಂಬಗಳು ಕೂರುವಷ್ಟು ಜಾಗ ಮಾತ್ರ ಬೇಕು, ಉಳಿದ ನೆಲ ಹಾಗೆಯೇ ಉಳಿಯುತ್ತದೆ ಎನ್ನುತ್ತಾರೆ. ನಕ್ಷೆಯ ಮೇಲೆ ಇದು ನಿಜ. ನೆಲದ ಮೇಲೆ ಪರಿಣಾಮ ಅದಕ್ಕಿಂತ ಬಹಳ ದೂರ ಹರಡುತ್ತದೆ.

ಮೊದಲು ಬೆಳಕು ಮತ್ತು ಮಳೆ. ಅಗಲವಾದ ಸೇತುವೆಯ ಕೆಳಗಿನ ನೆಲಕ್ಕೆ ಬಿಸಿಲು ಬೀಳುವುದು ಕಡಿಮೆ, ನೇರ ಮಳೆ ಬೀಳುವುದು ಇನ್ನೂ ಕಡಿಮೆ. ಅಲ್ಲಿ ನೆಟ್ಟ ಗಿಡಗಳು ಕೊಳವೆಯ ನೀರಿನಿಂದಲೇ ಬದುಕಬೇಕು. ಅದೇ ಸೇತುವೆಯ ಮೇಲೆ ಬಿದ್ದ ಮಳೆ ಟೈರಿನ ಪುಡಿ, ಎಣ್ಣೆ, ಬ್ರೇಕಿನಿಂದ ಸವೆದ ಲೋಹದ ಕಣ ಎಲ್ಲವನ್ನೂ ತೊಳೆದುಕೊಂಡು ಕೊಳವೆಗಳ ಮೂಲಕ ಇಳಿಯುತ್ತದೆ. ಪಕ್ಕದಲ್ಲಿ ಕೆರೆಯಿದ್ದರೆ ಮೊದಲ ಮಳೆಯ ಕೊಳೆಯೆಲ್ಲ ಸೇರುವುದು ಅಲ್ಲಿಗೇ. ಅದಕ್ಕಾಗಿಯೇ ಒಳ್ಳೆಯ ವಿನ್ಯಾಸದಲ್ಲಿ ಈ ನೀರನ್ನು ಪ್ರತ್ಯೇಕವಾಗಿ ಹಿಡಿದು, ಸೋಸಿ ಬಿಡುವ ವ್ಯವಸ್ಥೆ ಇರಬೇಕು.

ಆಮೇಲೆ ಸದ್ದು. ನೆಲದ ಮೇಲಿನ ರಸ್ತೆಯ ಸದ್ದನ್ನು ಗೋಡೆ, ಕಟ್ಟಡ, ಪೊದೆಗಳು ಒಂದಿಷ್ಟು ತಡೆಯುತ್ತವೆ. ಎತ್ತರದಿಂದ ಬರುವ ಸದ್ದಿಗೆ ಆ ತಡೆಗಳಿಲ್ಲ. ನೆದರ್ಲೆಂಡ್ಸ್‌ನ ಲೈಡನ್ ನಗರದಲ್ಲಿ ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿಗಳ ಹಾಡನ್ನು ದಾಖಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ವಾಹನಗಳ ಸದ್ದು ಹೆಚ್ಚಿರುವ ಕಡೆ ಗಂಡು ಹಕ್ಕಿಗಳು ತಗ್ಗಿನ ಸ್ವರಗಳನ್ನು ಬಿಟ್ಟು ಮೇಲಿನ ಸ್ವರಗಳಲ್ಲಿ ಹಾಡುತ್ತಿದ್ದುದು ಅಲ್ಲಿ ಕಂಡುಬಂತು. ಸಂಗಾತಿಯನ್ನು ಕರೆಯಲು, ತನ್ನ ಗಡಿಯನ್ನು ಸಾರಲು ಹಕ್ಕಿಗೆ ಇರುವುದು ಆ ಹಾಡು. ಹಾಡನ್ನು ಬದಲಿಸಿಕೊಳ್ಳಲಾರದ ಜಾತಿಗಳು ಅಂಥ ಜಾಗವನ್ನು ಬಿಟ್ಟುಹೋಗಬೇಕಾಗುತ್ತದೆ. ರಾತ್ರಿಯ ದೀಪಗಳ ಪರಿಣಾಮವೂ ಬಾವಲಿ, ಪತಂಗಗಳಂಥ ನಿಶಾಚರಿಗಳ ಮೇಲೆ ಇಂಥದ್ದೇ.

ಮೂರನೆಯದು ನೆರಳಿನ ನಷ್ಟ. ಬೆಂಗಳೂರಿನ ಬೀದಿಮರಗಳ ಬಗ್ಗೆ ಹರಿಣಿ ನಾಗೇಂದ್ರ ಮತ್ತು ಅವರ ಸಹೋದ್ಯೋಗಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಾಗುತ್ತದೆ. ಮಧ್ಯಾಹ್ನದ ಹೊತ್ತು ಮರಗಳಿರುವ ಬೀದಿಯಲ್ಲಿ ಗಾಳಿಯ ಉಷ್ಣಾಂಶ 5.6 ಡಿಗ್ರಿಯವರೆಗೆ ಕಡಿಮೆ ಇತ್ತು, ರಸ್ತೆಯ ಮೇಲ್ಮೈ ಉಷ್ಣಾಂಶದ ಇಳಿಕೆ ಕೆಲವೆಡೆ 27 ಡಿಗ್ರಿಯನ್ನೂ ಮೀರಿತ್ತು. ನಗರಕ್ಕೆ ಉದ್ಯಾನ ಒದಗಿಸುವ ಈ ತಂಪಿನ ಬದಲಿಗೆ ಕಾಂಕ್ರೀಟಿನ ಹಾಸು ಬಂದರೆ ಹಗಲಿಡೀ ಹೀರಿದ ಬಿಸಿಯನ್ನು ಅದು ರಾತ್ರಿಯೆಲ್ಲ ಹೊರಬಿಡುತ್ತದೆ.

ಜಯನಗರದ ಲಕ್ಷ್ಮಣರಾವ್ ಉದ್ಯಾನವನ್ನು ನೋಡಿ. ಎರಡು ರಸ್ತೆಗಳ ನಡುವೆ ಉದ್ದಕ್ಕೆ ಹರಡಿದ್ದ ಆ ಹಸಿರು ಪಟ್ಟಿಯ ಮೇಲೆಯೇ ನಮ್ಮ ಮೆಟ್ರೋದ ಹಸಿರು ಮಾರ್ಗ ಹೋಗುತ್ತದೆ. 2017ರ ಜೂನ್‌ನಿಂದ ಅಲ್ಲಿ ರೈಲುಗಳು ಓಡುತ್ತಿವೆ. ದಿನವೂ ಅಸಂಖ್ಯ ಜನರಿಗೆ ಅದು ನೆರವಾಗಿದೆ ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ, ನಾನೂ ಅಲ್ಲಗಳೆಯುವುದಿಲ್ಲ. ಆದರೆ ಹಿಂದಿನ ಉದ್ಯಾನ ಅಲ್ಲಿ ಉಳಿದಿಲ್ಲ. ಅಗಲ ಕಡಿಮೆ ಇರುವ ಉದ್ಯಾನದಲ್ಲಿ ಸೇತುವೆಯಿಂದ ದೂರ ಸರಿದು ನಿಲ್ಲಲು ಜಾಗವೇ ಇರುವುದಿಲ್ಲ. ದೊಡ್ಡ ಉದ್ಯಾನದ ಒಂದು ಮೂಲೆಯನ್ನು ಸೇತುವೆ ಮುಟ್ಟಿದರೆ ಆಗುವ ಹಾನಿ ಬೇರೆ, ಪಟ್ಟಿಯಂಥ ಉದ್ಯಾನದ ಬೆನ್ನಿನ ಮೇಲೇ ಸೇತುವೆ ಕೂತರೆ ಆಗುವ ಹಾನಿ ಬೇರೆ. ಎಷ್ಟು ಚದರ ಮೀಟರ್ ಹೋಯಿತು ಎಂಬ ಲೆಕ್ಕದಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಇನ್ನು ಮೂರನೆಯ ಭಾಗಕ್ಕೆ ಹೋಗೋಣ. ಸೇತುವೆಗೆ ಇಷ್ಟೆಲ್ಲ ದೋಷವಿದ್ದರೆ ಸುರಂಗವೇ ಮೇಲಲ್ಲವೆ ಎಂದು ನೀವು ಕೇಳಬಹುದು. ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ ಸಾವಧಾನವಾಗಿ ಉತ್ತರಿಸಬೇಕು.

ಸುರಂಗದಲ್ಲಿ ಎರಡು ಬಗೆ. ನೆಲವನ್ನು ಮೇಲಿನಿಂದ ಅಗೆದು, ಪೆಟ್ಟಿಗೆಯಂತೆ ಕಟ್ಟಿ, ಮತ್ತೆ ಮಣ್ಣು ಮುಚ್ಚುವುದು ಒಂದು ಬಗೆ. ಆಳದಲ್ಲಿ ಯಂತ್ರದಿಂದ ಕೊರೆದುಕೊಂಡು ಹೋಗುವುದು ಇನ್ನೊಂದು. ಪರಿಸರದ ದೃಷ್ಟಿಯಿಂದ ಇವೆರಡಕ್ಕೂ ಅಜಗಜಾಂತರ. ಮೇಲಿನಿಂದ ಅಗೆಯುವ ವಿಧಾನದಲ್ಲಿ ಆ ಪಟ್ಟಿಯ ಮೇಲಿರುವ ಪ್ರತಿಯೊಂದು ಮರವೂ ಹೋಗುತ್ತದೆ. ಆಮೇಲೆ ಚಾವಣಿಯ ಮೇಲೆ ಹರಡುವ ಒಂದೆರಡು ಮೀಟರ್ ಮಣ್ಣಿನಲ್ಲಿ ಹುಲ್ಲು, ಹೂಗಿಡ ಬೆಳೆಯಬಹುದು. ನೂರು ವರ್ಷದ ಮಳೆಮರ ಬೆಳೆಯುವುದು ಕಷ್ಟ. ಆಳದಲ್ಲಿ ಕೊರೆಯುವ ವಿಧಾನದಲ್ಲಿ ಮರದ ಬೇರಿಗೆ ನೇರವಾದ ಪೆಟ್ಟು ಬೀಳುವುದಿಲ್ಲ. ಬಹುಪಾಲು ಮರಗಳ ಬೇರಿನ ಹೆಚ್ಚಿನ ಭಾಗ ಮೇಲಿನ ಒಂದು ಮೀಟರ್ ಆಸುಪಾಸಿನ ಮಣ್ಣಿನಲ್ಲೇ ಹರಡಿರುತ್ತದೆ, ಸುರಂಗ ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ. ಇಷ್ಟರ ಮಟ್ಟಿಗೆ ಸುರಂಗದ ಪರವಾದ ವಾದ ಸರಿ.

ಆದರೆ ಸುರಂಗ ಎಲ್ಲೋ ಒಂದು ಕಡೆ ನೆಲದ ಮೇಲಕ್ಕೆ ಬರಲೇಬೇಕು. ಹಾನಿಯೆಲ್ಲ ಒಟ್ಟುಗೂಡುವುದು ಅದರ ಬಾಯಿಯಲ್ಲಿ. ಲೆಕ್ಕ ಸರಳ. ನೂರು ಮೀಟರಿಗೆ ಐದು ಮೀಟರ್ ಇಳಿಜಾರಿನಲ್ಲಿ ರಸ್ತೆಯನ್ನು ಇಪ್ಪತ್ತು ಮೀಟರ್ ಆಳಕ್ಕೆ ಇಳಿಸಬೇಕಾದರೆ 400 ಮೀಟರ್ ಉದ್ದದ ರ‍್ಯಾಂಪ್ ಬೇಕು. ಅದರ ಮೊದಲ ಭಾಗ ತೆರೆದ ಕಂದಕ, ನಂತರದ ಭಾಗ ಅಗೆದು ಮುಚ್ಚಿದ ಪೆಟ್ಟಿಗೆ, ಆಮೇಲಷ್ಟೇ ಯಂತ್ರ ಕೊರೆದ ಸುರಂಗ. ಆ 400 ಮೀಟರ್ ಎಲ್ಲಿ ಬರುತ್ತದೆ ಎಂಬುದೇ ಉದ್ಯಾನದ ಭವಿಷ್ಯವನ್ನು ನಿರ್ಧರಿಸುತ್ತದೆ. ಲಾಲ್‌ಬಾಗಿನ ವಿಷಯದಲ್ಲಿ ಜನರನ್ನು ಕೆರಳಿಸಿದ್ದು ಕೂಡ ಈ ರ‍್ಯಾಂಪಿನ ಪ್ರಶ್ನೆಯೇ.

ಬಾಯಿಯ ಜೊತೆಗೆ ಉಸಿರಿನ ಪ್ರಶ್ನೆಯಿದೆ. ವಾಹನಗಳ ಸುರಂಗಕ್ಕೆ ಗಾಳಿ ಬೇಕು, ಹೊಗೆ ಹೊರಹೋಗಬೇಕು. ಸುರಂಗದ ಉದ್ದಕ್ಕೂ ಉಗುಳಿದ ಹೊಗೆ ಅದರ ಬಾಯಿಗಳಲ್ಲಿ ಮತ್ತು ಗಾಳಿಗೊಳವೆಗಳಲ್ಲಿ ಸಾಂದ್ರವಾಗಿ ಹೊರಬರುತ್ತದೆ. ತುರ್ತು ನಿರ್ಗಮನದ ಬಾವಿಗಳೂ ಬೇಕು. ಇವುಗಳಿಗೆಲ್ಲ ಮೇಲ್ಮೈಯಲ್ಲಿ ಖಾಲಿ ಜಾಗ ಹುಡುಕಿದಾಗ ಮತ್ತೆ ಕಣ್ಣಿಗೆ ಬೀಳುವುದು ಉದ್ಯಾನವೇ. ಈ ದೃಷ್ಟಿಯಿಂದ ವಿದ್ಯುತ್ ರೈಲಿನ ಸುರಂಗವನ್ನೂ ವಾಹನಗಳ ಸುರಂಗವನ್ನೂ ಒಂದೇ ಎಂದು ಎಣಿಸಬಾರದು. ರೈಲು ಹೊಗೆ ಬಿಡುವುದಿಲ್ಲ, ಅದರ ಸುರಂಗದ ವ್ಯಾಸವೂ ಕಡಿಮೆ, ಸಾಗಿಸುವ ಜನ ಮಾತ್ರ ಎಷ್ಟೋ ಪಾಲು ಹೆಚ್ಚು.

ಅಗೆದ ಮಣ್ಣು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಕೇಳಬೇಕು. ಆರೂವರೆ ಮೀಟರ್ ವ್ಯಾಸದ ರೈಲು ಸುರಂಗವನ್ನು ಒಂದು ಕಿಲೋಮೀಟರ್ ಕೊರೆದರೆ ಸುಮಾರು 33,000 ಘನ ಮೀಟರ್ ಕಲ್ಲುಮಣ್ಣು ಹೊರಬರುತ್ತದೆ. ಹದಿನಾಲ್ಕು ಮೀಟರ್ ವ್ಯಾಸದ ರಸ್ತೆ ಸುರಂಗವಾದರೆ ಅದು ಒಂದೂವರೆ ಲಕ್ಷ ಘನ ಮೀಟರ್ ದಾಟುತ್ತದೆ. ಪುಡಿಯಾದ ಕಲ್ಲು ಹಿಗ್ಗುವುದರಿಂದ ಸಾಗಿಸಬೇಕಾದ ಗಾತ್ರ ಇನ್ನೂ ಹೆಚ್ಚು. ಹತ್ತು ಘನ ಮೀಟರ್ ಹಿಡಿಯುವ ಟಿಪ್ಪರ್‌ಗಳಲ್ಲಿ ಅದು ಇಪ್ಪತ್ತು ಸಾವಿರ ಲೋಡನ್ನು ಮೀರುತ್ತದೆ, ಒಂದೇ ಕಿಲೋಮೀಟರಿಗೆ. ಆ ಲಾರಿಗಳ ದೂಳು, ಅವು ಓಡಾಡುವ ಬೀದಿ, ಕೊನೆಗೆ ಮಣ್ಣು ಸುರಿಯುವ ಹಳ್ಳ ಅಥವಾ ಕ್ವಾರಿ, ಇವೂ ಯೋಜನೆಯ ಪರಿಸರ ಪರಿಣಾಮವೇ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ನೀರು. ಬೆಂಗಳೂರಿನ ಅಡಿಯಲ್ಲಿರುವುದು ಪುರಾತನ ನೈಸ್ ಶಿಲೆ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯೂ. ಎಫ್. ಸ್ಮೀತ್ 1916ರಲ್ಲಿ ಈ ಶಿಲೆಯನ್ನು ಪೆನಿನ್ಸುಲಾರ್ ನೈಸ್ ಎಂದು ಹೆಸರಿಸಿದರು. ಲಾಲ್‌ಬಾಗಿನ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ. ಇಂಥ ನೆಲದಲ್ಲಿ ನೀರು ನಿಲ್ಲುವುದು ಎರಡೇ ಕಡೆ: ಶಿಲೆಯ ಮೇಲಿರುವ ಸವೆದ ಪದರದಲ್ಲಿ ಮತ್ತು ಶಿಲೆಯ ಬಿರುಕುಗಳಲ್ಲಿ. ಯಾವ ಬಿರುಕು ಎಲ್ಲಿಗೆ ಕೂಡಿದೆ ಎಂಬುದು ಮೇಲಿನಿಂದ ಕಾಣುವುದಿಲ್ಲ. ಬಾವಿ ತೋಡಿ, ನಿಲ್ದಾಣದ ಗುಂಡಿ ತೆಗೆದು, ಅಲ್ಲಿ ಒಸರುವ ನೀರನ್ನು ತಿಂಗಳುಗಟ್ಟಲೆ ಪಂಪ್ ಮಾಡಿ ಹೊರಹಾಕಿದರೆ ಸುತ್ತಲಿನ ನೀರಿನ ಮಟ್ಟ ಇಳಿಯುತ್ತದೆ. ಕಾಮಗಾರಿ ಮುಗಿದ ಮೇಲೆ ಸುರಂಗದ ಗೋಡೆ ನೀರು ಸೋರದಂತೆ ಇರಬಹುದು. ಆದರೆ ಬೇಸಿಗೆಯಲ್ಲಿ ಸತತವಾಗಿ ತೇವ ಕಳೆದುಕೊಂಡ ಹಳೆಯ ಮರ ಅಲ್ಲಿಯವರೆಗೆ ಕಾಯಲಾರದು. ಕಡಿದ ಮರದ ಲೆಕ್ಕ ಕಡತದಲ್ಲಿ ಇರುತ್ತದೆ. ಮೂರು ವರ್ಷದ ನಂತರ ನಿಂತಲ್ಲೇ ಒಣಗಿದ ಮರದ ಲೆಕ್ಕವನ್ನು ಯಾವ ಕಡತವೂ ಇಡುವುದಿಲ್ಲ.

ಇಲ್ಲಿ ಎರಡು ಊರುಗಳ ಅನುಭವವನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು.

ಮೊದಲನೆಯದು ಮುಂಬೈ. ಕೊಲಾಬಾ, ಬಾಂದ್ರಾ, ಸೀಪ್ಜ್ ನಡುವಿನ ಮೆಟ್ರೋ 3 ಮಾರ್ಗ 33.5 ಕಿಲೋಮೀಟರ್ ಉದ್ದ, ಹೆಚ್ಚುಕಡಿಮೆ ಪೂರ್ತಿ ನೆಲದಡಿಯಲ್ಲಿದೆ. ಆದರೂ ಅದರ ಹೆಸರು ಕೇಳಿದೊಡನೆ ಜನರಿಗೆ ನೆನಪಾಗುವುದು ಆರೆ ಕಾಡು. ರೈಲುಗಳನ್ನು ನಿಲ್ಲಿಸಿ ದುರಸ್ತಿ ಮಾಡುವ ಶೆಡ್ಡಿಗಾಗಿ 2019ರ ಅಕ್ಟೋಬರ್‌ನಲ್ಲಿ ಅಲ್ಲಿ 2,141 ಮರಗಳನ್ನು ಕಡಿಯಲಾಯಿತು. ಸುಪ್ರೀಂ ಕೋರ್ಟ್ ತಡೆ ಕೊಡುವ ಹೊತ್ತಿಗೆ ಆ ಕೆಲಸ ಮುಗಿದುಹೋಗಿತ್ತು. ಹಾನಿಯಾದದ್ದು ಸುರಂಗದ ಗೆರೆಯ ಮೇಲಲ್ಲ, ಅದರ ಕೊನೆಯಲ್ಲಿ.

ಎರಡನೆಯದು ಅಮೆರಿಕದ ಸಿಯಾಟಲ್. ಅಲ್ಲಿನ ವಾಷಿಂಗ್ಟನ್ ಪಾರ್ಕ್ ಸಸ್ಯೋದ್ಯಾನ 230 ಎಕರೆಯದು. ಅದರ ಉತ್ತರದ ಜೌಗು ಪ್ರದೇಶವನ್ನೂ, ಮೂಲನಿವಾಸಿಗಳು ತಮ್ಮವರನ್ನು ಮಣ್ಣು ಮಾಡುತ್ತಿದ್ದ ಫಾಸ್ಟರ್ ದ್ವೀಪವನ್ನೂ ಹಾಯ್ದು 1963ರಲ್ಲಿ ಒಂದು ಹೆದ್ದಾರಿ ಬಂತು. ಮುಂದೆ ಉದ್ಯಾನದ ಉದ್ದಕ್ಕೂ ಇನ್ನೊಂದು ಹೆದ್ದಾರಿಯ ಯೋಜನೆ ಬಂದಾಗ ಜನರು ವಿರೋಧಿಸಿದರು, ಯೋಜನೆ ರದ್ದಾಯಿತು. ಆದರೆ ಅದಕ್ಕಾಗಿ ಮುಂಗಡವಾಗಿ ಕಟ್ಟಿದ್ದ ರ‍್ಯಾಂಪುಗಳು ದಶಕಗಳ ಕಾಲ ಎಲ್ಲಿಗೂ ಹೋಗದೆ ಜೌಗಿನ ಮೇಲೆ ನಿಂತೇ ಇದ್ದವು. ಹಳೆಯ ಹೆದ್ದಾರಿಯನ್ನು ಹೊಸದಾಗಿ ಕಟ್ಟುವ ಸಮಯದಲ್ಲಿ ಸೇತುವೆ, ಸುರಂಗ ಎರಡನ್ನೂ ಪರಿಶೀಲಿಸಿದರು. ಪಕ್ಕದ ಕಾಲುವೆಯ ಕೆಳಗೆ ಸುರಂಗವಾಗಿ ಹೋಗಬೇಕಾದರೆ ರಸ್ತೆ ಉದ್ಯಾನದ ಜೌಗು ಮತ್ತು ದ್ವೀಪದ ಬಳಿಯೇ ತಗ್ಗಬೇಕಿತ್ತು; ಅಗೆತವೂ ತುಂಬುವ ಮಣ್ಣೂ ಅಲ್ಲಿಯೇ ಹೆಚ್ಚುತ್ತಿತ್ತು. ಕೊನೆಗೆ ಸೇತುವೆಯ ಆಯ್ಕೆಯೇ ಉಳಿಯಿತು. ಸುರಂಗಕ್ಕಿಂತ ಸೇತುವೆಯೇ ಕಡಿಮೆ ಹಾನಿಕರವಾಗುವ ಜಾಗಗಳೂ ಇವೆ ಎಂಬುದಕ್ಕೆ ಇದು ಸಾಕ್ಷಿ.

ಸುರಂಗದಿಂದ ಉದ್ಯಾನಕ್ಕೆ ಒಳಿತಾದ ಊರುಗಳೂ ಇವೆ. ಸ್ಯಾನ್ ಫ್ರಾನ್ಸಿಸ್ಕೊದ ಪ್ರೆಸಿಡಿಯೊದಲ್ಲಿ 1930ರ ದಶಕದಿಂದ ಇದ್ದ ಎತ್ತರದ ಹೆದ್ದಾರಿಯನ್ನು ಕೆಡವಿ ಸುರಂಗಗಳಲ್ಲಿ ಇಳಿಸಿದರು. 2022ರಲ್ಲಿ ಅವುಗಳ ಮೇಲೆ 14 ಎಕರೆಯ ಹೊಸ ಉದ್ಯಾನ ತೆರೆದುಕೊಂಡಿತು. ಮ್ಯಾಡ್ರಿಡ್ ನಗರ ತನ್ನ ನದಿಯ ದಡದ ವರ್ತುಲ ರಸ್ತೆಯನ್ನು ನೆಲದಡಿಗೆ ಇಳಿಸಿ ದಡವನ್ನು ಜನರಿಗೆ ಮರಳಿಸಿತು. ಈ ಉದಾಹರಣೆಗಳನ್ನು ನಮ್ಮಲ್ಲಿ ಹೊಸ ಸುರಂಗಗಳ ಪರವಾಗಿ ಬಳಸುವವರಿದ್ದಾರೆ. ಒಂದು ವ್ಯತ್ಯಾಸವನ್ನು ಅವರು ಗಮನಿಸಬೇಕು. ಆ ಎರಡು ನಗರಗಳು ಮೇಲಿದ್ದ ಹಳೆಯ ರಸ್ತೆಯನ್ನು ತೆಗೆದು ಕೆಳಗೆ ಹಾಕಿದವು, ಆದ್ದರಿಂದ ಉದ್ಯಾನ ಬೆಳೆಯಿತು. ಮೇಲಿನ ರಸ್ತೆಗಳೆಲ್ಲ ಹಾಗೆಯೇ ಇದ್ದು, ಕೆಳಗೆ ಇನ್ನೊಂದನ್ನು ಸೇರಿಸಿ, ಅದರ ಬಾಯನ್ನು ಉದ್ಯಾನದಲ್ಲಿ ತೆರೆದರೆ ಉದ್ಯಾನಕ್ಕೆ ಬರುವುದು ನಷ್ಟ ಮಾತ್ರ.

ಈಗ ಕೊನೆಯ ಭಾಗ. ಇವನ್ನೆಲ್ಲ ತೂಗುವುದು ಹೇಗೆ? ನನ್ನ ತಿಳಿವಳಿಕೆಯಲ್ಲಿ ಅದಕ್ಕೊಂದು ಕ್ರಮವಿದೆ. ಆ ಕ್ರಮವನ್ನು ತಲೆಕೆಳಗು ಮಾಡಿದರೆ ಉತ್ತರವೂ ತಲೆಕೆಳಗಾಗುತ್ತದೆ.

ಮೊದಲ ಪ್ರಶ್ನೆ ಅಗತ್ಯದ್ದು. ಈ ದಾರಿ ಬೇಕೆ? ಅಮೆರಿಕದ ನಗರಗಳ ಅಂಕಿಅಂಶಗಳನ್ನು ಇಟ್ಟುಕೊಂಡು ಅರ್ಥಶಾಸ್ತ್ರಜ್ಞರಾದ ಡುರಾಂಟನ್ ಮತ್ತು ಟರ್ನರ್ 2011ರಲ್ಲಿ ತೋರಿಸಿದ್ದು ಇದನ್ನು: ಹೆದ್ದಾರಿಯ ಉದ್ದ ಎಷ್ಟು ಪಾಲು ಹೆಚ್ಚುತ್ತದೆಯೋ ವಾಹನಗಳ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಪಾಲು ಹೆಚ್ಚುತ್ತದೆ. ಅಂದರೆ ದಟ್ಟಣೆ ಕಡಿಮೆಯಾಗುತ್ತದೆ ಎಂಬ ಭರವಸೆಯ ಮೇಲೆ ಉದ್ಯಾನದ ಭಾಗವೊಂದನ್ನು ಕೊಟ್ಟರೆ, ಕೆಲವು ವರ್ಷಗಳಲ್ಲಿ ಉದ್ಯಾನವೂ ಇರುವುದಿಲ್ಲ, ಆ ಭರವಸೆಯೂ ಉಳಿಯುವುದಿಲ್ಲ. ಅಷ್ಟೇ ಹಣದಲ್ಲಿ ಬಸ್ಸು, ಮೆಟ್ರೋ, ಉಪನಗರ ರೈಲುಗಳಿಂದ ಎಷ್ಟು ಜನರನ್ನು ಸಾಗಿಸಬಹುದು ಎಂಬ ಹೋಲಿಕೆ ಯೋಜನಾ ವರದಿಯ ಮೊದಲ ಪುಟಗಳಲ್ಲೇ ಇರಬೇಕು.

ಎರಡನೆಯ ಪ್ರಶ್ನೆ ಪರ್ಯಾಯದ್ದು. ಉದ್ಯಾನವನ್ನು ಬಿಟ್ಟು ಹೋಗುವ ದಾರಿ ಇದೆಯೆ? ಅದು ದುಬಾರಿ ಎಂದರೆ ಎಷ್ಟು ದುಬಾರಿ? ಈ ಲೆಕ್ಕ ಮಾಡುವಾಗ ಉದ್ಯಾನದ ನೆಲಕ್ಕೆ ಸೊನ್ನೆ ಬೆಲೆ ಕಟ್ಟಬಾರದು. ಪಕ್ಕದ ಬಡಾವಣೆಯ ನಿವೇಶನದ ಬೆಲೆಯನ್ನಾದರೂ ಅದಕ್ಕೆ ಹಾಕಿ ನೋಡಬೇಕು. ಹಾಗೆ ಮಾಡಿದಾಗ ಅಗ್ಗವೆನಿಸಿದ್ದ ಎಷ್ಟೋ ದಾರಿಗಳು ಅಗ್ಗವಾಗಿ ಉಳಿಯುವುದಿಲ್ಲ.

ಈ ಎರಡು ಪ್ರಶ್ನೆಗಳಿಗೂ ಪ್ರಾಮಾಣಿಕ ಉತ್ತರ ಸಿಕ್ಕ ಮೇಲಷ್ಟೇ ಮೂರನೆಯದು: ಸೇತುವೆಯೋ ಸುರಂಗವೋ? ಆಗ ಎರಡನ್ನೂ ಒಂದೇ ಪಟ್ಟಿಯಿಂದ ಅಳೆಯಬೇಕು. ಮುಗಿದ ರಚನೆ ಹಿಡಿಯುವ ನೆಲವೆಷ್ಟು? ಕಾಮಗಾರಿಯ ವರ್ಷಗಳಲ್ಲಿ ಬೇಲಿ ಹಾಕುವ ನೆಲವೆಷ್ಟು? ನಮ್ಮ ಮೆಟ್ರೋದ ನೇರಳೆ ಮಾರ್ಗದ ನೆಲದಡಿಯ ಭಾಗ 2016ರಲ್ಲಿ ತೆರೆಯುವ ಮುನ್ನ ಕಬ್ಬನ್ ಪಾರ್ಕ್, ವಿಧಾನಸೌಧದ ಆಸುಪಾಸಿನಲ್ಲಿ ಬೇಲಿಗಳು ವರ್ಷಗಟ್ಟಲೆ ನಿಂತಿದ್ದವು ಎಂಬುದು ನಿಮಗೆ ನೆನಪಿರಬಹುದು. ಭಾರಿ ಯಂತ್ರಗಳು ಓಡಾಡಿ ಗಟ್ಟಿಯಾದ ಮಣ್ಣಿನಲ್ಲಿ ಗಾಳಿ, ನೀರು ಇಳಿಯುವುದಿಲ್ಲ. ಬೇಲಿ ತೆಗೆದೊಡನೆ ಅದು ಮೊದಲಿನಂತಾಗುವುದಿಲ್ಲ. ನೀರಿನ ಮಟ್ಟ, ಸದ್ದು, ಬೆಳಕು, ಹೊಗೆ, ಅಗೆದ ಮಣ್ಣು, ಸಿಮೆಂಟಿನ ಇಂಗಾಲ, ಪಂಪು ಮತ್ತು ಫ್ಯಾನುಗಳಿಗೆ ಮುಂದಿನ ನೂರು ವರ್ಷ ಬೇಕಾಗುವ ವಿದ್ಯುತ್ ಎಲ್ಲವೂ ಆ ಪಟ್ಟಿಯಲ್ಲಿ ಇರಬೇಕು. ಕಾಮಗಾರಿಗೆ ಮೊದಲು ಕನಿಷ್ಠ ಒಂದು ಪೂರ್ಣ ವರ್ಷ, ಎಲ್ಲ ಋತುಗಳಲ್ಲೂ, ಬಾವಿಗಳ ಮಟ್ಟವನ್ನೂ ಹಕ್ಕಿಗಳನ್ನೂ ಮರಗಳ ಸ್ಥಿತಿಯನ್ನೂ ದಾಖಲಿಸಿಡಬೇಕು. ಮೊದಲು ಏನಿತ್ತು ಎಂಬ ದಾಖಲೆಯೇ ಇಲ್ಲದಿದ್ದರೆ ಆಮೇಲೆ ಏನು ಹೋಯಿತು ಎಂದು ತೋರಿಸಲು ಸಾಧ್ಯವಿಲ್ಲ.

ನಾಲ್ಕನೆಯದು ಪರಿಹಾರದ ಪ್ರಶ್ನೆ. ಹತ್ತು ಸಸಿಗಳ ಮಾತನ್ನು ಇಲ್ಲಿ ಎತ್ತಿಕೊಳ್ಳುತ್ತೇನೆ. ಲಾಲ್‌ಬಾಗು ಹೈದರ್ ಅಲಿಯ ಕಾಲದಲ್ಲಿ, 1760ರಲ್ಲಿ ಆರಂಭವಾದ ತೋಟ. ಟಿಪ್ಪು ಅದನ್ನು ಬೆಳೆಸಿದ. ಆಮೇಲೆ ಕ್ಯಾಮರಾನ್, ಕ್ರುಂಬಿಗಲ್, ಜವರಾಯ, ಮರಿಗೌಡ ಹೀಗೆ ತಲೆಮಾರಿನಿಂದ ತಲೆಮಾರಿಗೆ ತಜ್ಞರು ಅದನ್ನು ಕಾಪಾಡಿಕೊಂಡು ಬಂದರು. ಅಲ್ಲಿನ ಹಳೆಯ ಬೂರುಗದ ಮರವೊಂದರ ಬದಲಿಗೆ ಊರಾಚೆಯ ಹೆದ್ದಾರಿಯ ಬದಿಯಲ್ಲಿ ನೆಟ್ಟ ಹತ್ತು ಸಸಿಗಳು ಲಾಲ್‌ಬಾಗಿನ ಹಕ್ಕಿಗೆ ಗೂಡಾಗುವುದಿಲ್ಲ, ಅಲ್ಲಿ ನಡೆಯಲು ಬರುವ ವೃದ್ಧರಿಗೆ ನೆರಳಾಗುವುದೂ ಇಲ್ಲ. ಪರಿಹಾರ ಕೊಡಲೇಬೇಕೆಂದಿದ್ದರೆ ಅದೇ ಉದ್ಯಾನಕ್ಕೆ ಅಂಟಿಕೊಂಡ, ಅಷ್ಟೇ ವಿಸ್ತಾರದ ನೆಲವನ್ನು ಮೊದಲು ಸೇರಿಸಿ, ಆಮೇಲೆ ಕೆಲಸಕ್ಕೆ ಕೈಹಚ್ಚಲಿ.

ಕೊನೆಯದು ಕಾನೂನಿನ ಪ್ರಶ್ನೆ. ನಮ್ಮಲ್ಲಿ ಕಾಯ್ದೆಗಳು ಇಲ್ಲವೆಂದಲ್ಲ. 1975ರ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಇದೆ, 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆ ಇದೆ. ಐವತ್ತಕ್ಕಿಂತ ಹೆಚ್ಚು ಮರಗಳನ್ನು ಕಡಿಯಬೇಕಾದರೆ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕೆಂಬ ನಿಯಮವೂ ಇದೆ. ಆದರೆ ಕೇಂದ್ರದ 2006ರ ಪರಿಸರ ಪರಿಣಾಮ ಅಂದಾಜಿನ ಅಧಿಸೂಚನೆಯ ಪಟ್ಟಿಯಲ್ಲಿ ಹೆದ್ದಾರಿಗಳ ಹೆಸರಿದೆ, ನಗರದೊಳಗಿನ ಸುರಂಗ ರಸ್ತೆ, ಮೇಲ್ಸೇತುವೆ, ಮೆಟ್ರೋಗಳ ಹೆಸರು ನೇರವಾಗಿ ಇಲ್ಲ. ಜನ ಹೆಚ್ಚು ದಟ್ಟವಾಗಿರುವ, ಹಸಿರು ಅತ್ಯಂತ ಕಡಿಮೆ ಇರುವ ಜಾಗದಲ್ಲೇ ಪೂರ್ಣ ಪರಿಶೀಲನೆಯ ಕಡ್ಡಾಯ ಇಲ್ಲದಿರುವುದು ಗಂಭೀರವಾದ ಕೊರತೆ. ಇದನ್ನು ತುಂಬಲೇಬೇಕು. ಓವರ್ಟನ್ ಪಾರ್ಕನ್ನು ಉಳಿಸಿದ ನಿಯಮದಂಥದ್ದು ನಮಗೂ ಬೇಕು: ಬೇರೆ ದಾರಿ ಇಲ್ಲವೆಂದು ತೋರಿಸುವ ಹೊಣೆ ಉದ್ಯಾನವನ್ನು ದಾಟಬಯಸುವವರ ಮೇಲಿರಬೇಕು. ಈಗ ಆ ಹೊಣೆ ಉದ್ಯಾನವನ್ನು ಪ್ರೀತಿಸುವ ಸಾಮಾನ್ಯ ನಾಗರಿಕರ ಹೆಗಲ ಮೇಲಿದೆ. ಅವರು ಸಂಬಳದ ರಜೆ ಹಾಕಿ, ಮಾಹಿತಿ ಹಕ್ಕಿನ ಅರ್ಜಿ ಬರೆದು, ವಕೀಲರಿಗೆ ಹಣ ಕೂಡಿಸಿ ಹೋರಾಡಬೇಕಾಗಿದೆ.

ಸಭಿಕರೆ, ನನ್ನ ನಿಲುವನ್ನು ಸಂಗ್ರಹವಾಗಿ ಹೇಳಿ ಮುಗಿಸುತ್ತೇನೆ. ಸೇತುವೆ ಕೆಟ್ಟದ್ದು, ಸುರಂಗ ಒಳ್ಳೆಯದು ಎಂಬ ಸಾರಾಸಗಟು ತೀರ್ಮಾನಕ್ಕೆ ಆಧಾರವಿಲ್ಲ. ಜಾಗದಿಂದ ಜಾಗಕ್ಕೆ ಉತ್ತರ ಬದಲಾಗುತ್ತದೆ. ಬದಲಾಗಬಾರದ್ದು ಪ್ರಶ್ನೆಗಳ ಕ್ರಮ: ಮೊದಲು ಅಗತ್ಯ, ಆಮೇಲೆ ಪರ್ಯಾಯ, ಅದಾದ ಮೇಲಷ್ಟೇ ವಿಧಾನ.

ಇಲ್ಲಿ ಕುಳಿತಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಇನ್ನು ಕೆಲವೇ ವರ್ಷಗಳಲ್ಲಿ ಆ ನಕ್ಷೆ ನಿಮ್ಮ ಮೇಜಿಗೇ ಬರುತ್ತದೆ. ಹಸಿರು ಬಣ್ಣದ ತುಂಡನ್ನು ಖಾಲಿ ಜಾಗವೆಂದು ಎಣಿಸಬೇಡಿ. ಅದರ ಬೆಲೆಯನ್ನು ಬರೆಯುವ ಅಂಕಣವನ್ನು ನೀವೇ ಸೇರಿಸಿ. ನಾಗರಿಕರಲ್ಲಿ ಇನ್ನೊಂದು ವಿನಂತಿ. ಯೋಜನಾ ವರದಿಗಳು ಪ್ರಕಟವಾದಾಗ ಅವನ್ನು ತರಿಸಿ ಓದಿ, ಆಕ್ಷೇಪಣೆಗೆ ಕೊಟ್ಟ ಗಡುವಿನೊಳಗೆ ಬರೆದು ಕಳಿಸಿ. ಮರ ಉರುಳಿದ ಮೇಲೆ ಬರುವ ತಡೆಯಾಜ್ಞೆಯಿಂದ ಪ್ರಯೋಜನವಿಲ್ಲ ಎಂಬುದನ್ನು ಆರೆ ಕಾಡು ನಮಗೆ ತೋರಿಸಿಕೊಟ್ಟಿದೆ. ದಾಟಲೇಬೇಕು ಎನ್ನುವವರು ಅದನ್ನು ಸಾಬೀತುಪಡಿಸಲಿ. ಅಲ್ಲಿಯವರೆಗೆ ಉದ್ಯಾನದ ನೆಲಕ್ಕೆ ಗುದ್ದಲಿ ತಾಗಬಾರದು.